ಒಂಬತ್ತು ಸಲ ರೀಸೆಟ್ ಒತ್ತಿದ ತಂಗಿಗೆ

ನೀನು ಕೇಳಿದ್ದು ಇಷ್ಟು. ಇಂಗ್ಲೆಂಡಿನ ಲೀಡ್ಸಿಗೆ ಬಂದು ಎಂಟು ತಿಂಗಳು, ಬಾಡಿಗೆ ಮನೆ, ಎರಡು ತಿಂಗಳ ಮಗು. ಬಾಣಂತನಕ್ಕೆ ಅಂತ ಅಮ್ಮ ದಾವಣಗೆರೆಯಿಂದ ಬಂದಿದ್ದಾರೆ. ಇವತ್ತು ಬೆಳಗ್ಗೆ ಎದ್ದರೆ, ನೀರು ಕಾಯಿಸಿ ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರಿನಲ್ಲಿ ಕೆಂಪು ದೀಪ. ಅದರ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ರೇಡಿಯೇಟರ್ ತಣ್ಣಗಿದೆ, ನಲ್ಲಿಯಲ್ಲೂ ಬಿಸಿನೀರಿಲ್ಲ. ಒಂಬತ್ತು ಸಲ ರೀಸೆಟ್ ಒತ್ತಿದೆ. "ಇನ್ನೂ ಒತ್ತಬಹುದಾ ಅಕ್ಕಾ, ಏನಾದ್ರೂ ಆಗುತ್ತಾ?"

ಅಕ್ಕಾ ಅಂದೆಯಲ್ಲ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ಇನ್ನು ಒತ್ತಬೇಡ.

ಊರಿನಲ್ಲಿ ಗ್ಯಾಸ್ ಒಲೆ ಹಚ್ಚುವಾಗ ಲೈಟರ್ ಮೂರು ನಾಲ್ಕು ಸಲ ಟಕ್ ಟಕ್ ಅಂದರೂ ಹತ್ತಲಿಲ್ಲ ಅಂದ್ರೆ ಅಮ್ಮ ಏನು ಮಾಡುತ್ತಿದ್ದರು? ಮೊದಲು ನಾಬ್ ತಿರುಗಿಸಿ ಗ್ಯಾಸ್ ನಿಲ್ಲಿಸುತ್ತಿದ್ದರು. ಕಿಟಕಿ ತೆಗೆಯುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಚ್ಚುತ್ತಿದ್ದರು. ಬಾಯ್ಲರ್ ಒಳಗೂ ಇದೇ ನಡೆಯುತ್ತದೆ. ಫ್ಯಾನ್ ತಿರುಗುತ್ತದೆ, ಕಿಡಿ ಹಾರುತ್ತದೆ, ಗ್ಯಾಸ್ ಬಿಡುತ್ತದೆ. ಉರಿ ಬಂತಾ ಅಂತ ನೋಡಲು ಒಂದು ಸಣ್ಣ ಕಡ್ಡಿ ಇರುತ್ತದೆ. ಬರಲಿಲ್ಲ ಅಂದ್ರೆ ಗ್ಯಾಸ್ ಮುಚ್ಚಿ ಮತ್ತೆ ಪ್ರಯತ್ನಿಸುತ್ತದೆ. ಕೆಲವು ಸಲ ನೋಡಿ, ಕೊನೆಗೆ ಬಾಗಿಲು ಹಾಕಿಕೊಂಡು ಕೂತುಬಿಡುತ್ತದೆ. ಇದಕ್ಕೆ ಇಲ್ಲಿ ಲಾಕೌಟ್ ಅನ್ನುತ್ತಾರೆ. ಅದು ಬೇಕೆಂದೇ ಮಾಡಿಟ್ಟ ವ್ಯವಸ್ಥೆ. ನೀನು ರೀಸೆಟ್ ಒತ್ತಿದಾಗಲೆಲ್ಲ "ಏನಿಲ್ಲ, ಮತ್ತೆ ಹಚ್ಚು" ಅಂತ ಅದಕ್ಕೆ ಹೇಳುತ್ತಿದ್ದೀಯ. ಕಾರಣ ಹುಡುಕದೆ ಒಂಬತ್ತು ಸಲ ಹಾಗೆ ಹೇಳಬಾರದು. ಮುಂದೆ ಹೀಗಾದರೆ ಒಂದು ಸಲ ಒತ್ತು, ಐದು ನಿಮಿಷ ಬಿಡು, ಬೇಕಾದರೆ ಇನ್ನೊಂದು ಸಲ ಒತ್ತು. ಆಮೇಲೆ ಕೈ ತೆಗಿ. ಪುಣ್ಯಕ್ಕೆ ಆಧುನಿಕ ಬಾಯ್ಲರ್‌ಗಳು ಜಾಣ ಯಂತ್ರಗಳು, ಇಷ್ಟಕ್ಕೆ ಏನೂ ಆಗಿರಲಾರದು.

ಆದರೆ ಎಲ್ಲಕ್ಕಿಂತ ಮೊದಲು ಮೂಸಿ ನೋಡು. ಗ್ಯಾಸ್ ವಾಸನೆ ಏನಾದರೂ ಇದ್ದರೆ ಮುಂದಿನದನ್ನು ಓದುತ್ತಾ ಕೂರಬೇಡ. ದೀಪದ ಸ್ವಿಚ್ ಹಾಕಲೂ ಬೇಡ, ಆರಿಸಲೂ ಬೇಡ. ಕಿಟಕಿ ಬಾಗಿಲು ತೆಗಿ. ಗ್ಯಾಸ್ ಮೀಟರ್ ಪಕ್ಕದ ಹಿಡಿಯನ್ನು ಪೈಪಿಗೆ ಅಡ್ಡವಾಗುವ ಹಾಗೆ ತಿರುಗಿಸಿದರೆ ಇಡೀ ಮನೆಯ ಗ್ಯಾಸ್ ನಿಲ್ಲುತ್ತದೆ. ಮಗುವನ್ನೂ ಅಮ್ಮನನ್ನೂ ಕರೆದುಕೊಂಡು ಹೊರಗೆ ಹೋಗಿ 0800 111 999ಕ್ಕೆ ಫೋನ್ ಮಾಡು. ದಿನದ 24 ಗಂಟೆಯೂ ಎತ್ತುತ್ತಾರೆ, ಫೋನಿಗೆ ದುಡ್ಡಿಲ್ಲ. ಇನ್ನೊಂದು ವಿಷಯ. ನಾವು ಸಿಲಿಂಡರ್ ಗ್ಯಾಸಿನ ಜನ. ಅದು ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಇಲ್ಲಿ ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಮೇಲೇರುತ್ತದೆ. ನೆಲದ ಹತ್ತಿರ ವಾಸನೆ ಇಲ್ಲ ಅಂತ ನಿಶ್ಚಿಂತೆಯಾಗಬೇಡ.

ವಾಸನೆ ಇಲ್ಲ ಅಲ್ವಾ? ಸರಿ, ಈಗ ನಿಧಾನಕ್ಕೆ ನೋಡೋಣ.

ಅಡುಗೆ ಒಲೆ ಗ್ಯಾಸಿನದ್ದಾಗಿದ್ದರೆ ಹಚ್ಚಿ ನೋಡು. ಅದೂ ಹತ್ತದಿದ್ದರೆ ತಪ್ಪು ಬಾಯ್ಲರಿನದಲ್ಲ, ಮನೆಗೇ ಗ್ಯಾಸ್ ಬರುತ್ತಿಲ್ಲ. ಬಾಡಿಗೆ ಮನೆಗಳಲ್ಲಿ ಎಷ್ಟೋ ಕಡೆ ಪ್ರೀಪೇಯ್ಡ್ ಮೀಟರ್ ಇರುತ್ತದೆ, ಮೊಬೈಲ್ ಕರೆನ್ಸಿ ಹಾಕಿಸಿದ ಹಾಗೆ. ದುಡ್ಡು ಮುಗಿದರೆ ಗ್ಯಾಸೂ ಮುಗಿಯಿತು. ನನಗೆ ಗೊತ್ತಿರುವ ಒಂದು ಜೋಡಿ ಎರಡು ದಿನ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ನಡುಗಿದರು. ಮೂರನೇ ದಿನ ಗೊತ್ತಾಯಿತು, ಮೀಟರಿನಲ್ಲಿ ದುಡ್ಡಿರಲಿಲ್ಲ. ನಿನ್ನ ಬಾಯ್ಲರಿನಲ್ಲಿ ದೀಪ ಉರಿಯುತ್ತಿರುವುದರಿಂದ ಕರೆಂಟ್ ಇದೆ. ದೀಪವೇ ಇಲ್ಲದಿದ್ದರೆ ಬಾಯ್ಲರ್ ಪಕ್ಕದ ಗೋಡೆಯ ಸ್ವಿಚ್ಚನ್ನು ಯಾರಾದರೂ ಆರಿಸಿದ್ದಾರಾ ಅಂತ ನೋಡಬೇಕಿತ್ತು. ಅಮ್ಮಂದಿರು ಬಂದಾಗ ಅದು ಆಗುತ್ತದೆ. ನಮ್ಮಮ್ಮ "ಸುಮ್ನೆ ಯಾಕೆ ಉರಿಬೇಕು" ಅಂತ ಫ್ರಿಜ್ಜಿನ ಸ್ವಿಚ್ಚನ್ನೂ ಆರಿಸಿದ್ದರು.

ಆಮೇಲೆ ಪ್ರೆಷರ್, ಅಂದರೆ ಬಾಯ್ಲರ್ ಮತ್ತು ರೇಡಿಯೇಟರ್‌ಗಳ ಒಳಗಿನ ನೀರಿನ ಒತ್ತಡ. ಬಾಯ್ಲರಿನ ಮುಂದೆಯೋ ಕೆಳಗೋ ಗಡಿಯಾರದಂಥ ಒಂದು ಸಣ್ಣ ಗೇಜ್ ಇರುತ್ತದೆ. ಕೆಲವದರಲ್ಲಿ ಸ್ಕ್ರೀನಿನಲ್ಲೇ ಅಂಕಿ ಬರುತ್ತದೆ. ಅಳತೆ ಬಾರ್‌ಗಳಲ್ಲಿ. (ನಮ್ಮ ಯಜಮಾನರು ಮೊದಲ ವರ್ಷವೆಲ್ಲ "ಬಾರ್ ಸರಿಯಿದೆಯಾ" ಅಂತ ಕೇಳಿ ಒಬ್ಬರೇ ನಗುತ್ತಿದ್ದರು.) ಬಾಯ್ಲರ್ ತಣ್ಣಗಿದ್ದಾಗ ಅದು 1ರಿಂದ 1.5ರ ನಡುವೆ ಇರಬೇಕು. ಬಿಸಿಯಾದಾಗ ಸ್ವಲ್ಪ ಮೇಲೇರುತ್ತದೆ, ಅದು ಸಹಜ. ತೀರಾ ಇಳಿದರೆ, ಅಂದರೆ ಮುಳ್ಳು ಸೊನ್ನೆಯ ಹತ್ತಿರ ಬಂದರೆ, ಬಾಯ್ಲರ್ ಹತ್ತುವುದೇ ಇಲ್ಲ. ಹಂಡೆಯಲ್ಲಿ ನೀರಿಲ್ಲದೆ ಒಲೆ ಉರಿಸಬಾರದು ಅನ್ನುವ ಲೆಕ್ಕ.

ಕಡಿಮೆಯಿದ್ದರೆ ನೀರು ತುಂಬುವುದು ನೀನೇ ಮಾಡಬಹುದಾದ ಕೆಲಸ. ಮೊದಲು ಬಾಯ್ಲರ್ ಆರಿಸಿ ತಣ್ಣಗಾಗಲು ಬಿಡು. ಕೆಳಗಿನ ಪೈಪುಗಳ ನಡುವೆ ಬೆಳ್ಳಿ ಬಣ್ಣದ, ಜಡೆ ಹೆಣೆದ ಹಾಗಿರುವ ಮೆತ್ತನೆ ಕೊಳವೆ ಕಾಣುತ್ತದೆ. ಅದನ್ನು ಫಿಲ್ಲಿಂಗ್ ಲೂಪ್ ಅನ್ನುತ್ತಾರೆ. ಅದರ ತುದಿಗಳಲ್ಲಿ ಒಂದೋ ಎರಡೋ ವಾಲ್ವ್ ಇರುತ್ತವೆ. ನಿಧಾನಕ್ಕೆ ತಿರುಗಿಸಿದರೆ ಸುಯ್ ಅಂತ ನೀರು ಹೋಗುವ ಸದ್ದು ಕೇಳುತ್ತದೆ, ಮುಳ್ಳು ಮೇಲೇರುತ್ತದೆ. ಕಣ್ಣು ಮುಳ್ಳಿನ ಮೇಲೇ ಇರಲಿ. 1.5 ತಲುಪುವ ಮೊದಲೇ ವಾಲ್ವ್ ಮುಚ್ಚು. ಎರಡಿದ್ದರೆ ಎರಡನ್ನೂ ಮುಚ್ಚು. ಆಮೇಲೆ ಒಂದು ಸಲ ರೀಸೆಟ್. ಕೆಲವು ಬಾಯ್ಲರ್‌ಗಳಲ್ಲಿ ಈ ಜಡೆ ಇರುವುದಿಲ್ಲ, ಅಡಿಯಲ್ಲಿ ಬೇರೆ ಥರದ ಹಿಡಿ ಇರುತ್ತದೆ. ಹಾಗಿದ್ದರೆ ಅದರ ಕೈಪಿಡಿ ನೋಡು. ಮಾಡೆಲ್ ಹೆಸರು ಹಾಕಿ ಹುಡುಕಿದರೆ ಫೋನಿನಲ್ಲೇ ಸಿಗುತ್ತದೆ. ಕೆಂಪು ದೀಪದ ಜೊತೆ ಬರುವ ಕೋಡಿನ ಅರ್ಥವೂ ಅದರಲ್ಲೇ ಇರುತ್ತದೆ. ಅದು ಕಂಪನಿಗೊಂದು ಥರ. ಆ ಕೋಡನ್ನು ಮೊದಲು ಬರೆದಿಟ್ಟುಕೋ, ರೀಸೆಟ್ ಮಾಡಿದರೆ ಅಳಿಸಿಹೋಗುತ್ತದೆ.

ವಾಲ್ವ್ ಮುಚ್ಚು ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನಾನೇ. ಒಮ್ಮೆ ವಾಲ್ವ್ ತೆಗೆದೆ, ಅಷ್ಟರಲ್ಲಿ ಕುಕ್ಕರ್ ಕೂಗಿತು, ಒಳಗೆ ಹೋದೆ, ಮರೆತೆ. ವಾಪಸ್ ಬಂದು ನೋಡಿದರೆ ಮುಳ್ಳು ಕೆಂಪು ಜಾಗದಲ್ಲಿದೆ, ಹೊರಗಿನ ಗೋಡೆಯಲ್ಲಿದ್ದ ತಾಮ್ರದ ಪೈಪಿನಿಂದ ನೀರು ಧಾರೆಯಾಗಿ ಸುರಿಯುತ್ತಿದೆ. 3 ಬಾರ್ ಆದರೆ ಸೇಫ್ಟಿ ವಾಲ್ವ್ ತಾನಾಗಿ ತೆರೆದುಕೊಂಡು ನೀರನ್ನು ಹೊರಗೆ ಚೆಲ್ಲುತ್ತದೆ. ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದ ಹಾಗೆ. ಹಾಗೆ ಜಾಸ್ತಿಯಾದರೆ ಒಂದು ರೇಡಿಯೇಟರಿನಿಂದ ಪಾತ್ರೆಗೆ ಸ್ವಲ್ಪ ನೀರು ಬಿಟ್ಟು ಇಳಿಸಬಹುದು. ಇನ್ನೊಂದು ಮಾತು: ವಾರವಾರವೂ ಪ್ರೆಷರ್ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ತುಂಬುತ್ತಾ ಕೂರಬೇಡ, ಓನರಿಗೆ ಹೇಳು.

ಪ್ರೆಷರ್ ಸರಿಯಿದ್ದು, ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇತ್ತಾ? ಹಾಗಾದರೆ ನನಗೆ ಅನುಮಾನ ಇರುವುದು ಹೊರಗಿನ ಪ್ಲಾಸ್ಟಿಕ್ ಪೈಪಿನ ಮೇಲೆ.

ನಾವು ಇಲ್ಲಿಗೆ ಬಂದದ್ದು 2010ರ ಶರತ್ಕಾಲದಲ್ಲಿ. ಆ ಡಿಸೆಂಬರ್ ಬ್ರಿಟನ್ ನೂರು ವರ್ಷಗಳಲ್ಲಿ ಕಂಡ ಅತಿ ಚಳಿಯ ಡಿಸೆಂಬರ್. ನನಗೆ ಅದು ಗೊತ್ತಿರಲಿಲ್ಲ. ಇಲ್ಲಿ ಪ್ರತಿ ವರ್ಷ ಹೀಗೇ ಇರುತ್ತೆ ಅಂದುಕೊಂಡು ಅತ್ತಿದ್ದೆ. ಒಂದು ಬೆಳಗ್ಗೆ ಬಾಯ್ಲರ್ ಹೊಟ್ಟೆ ಕೆಟ್ಟವರ ಹಾಗೆ ಗುಳುಗುಳು ಸದ್ದು ಮಾಡಿ ನಿಂತಿತು. ಯಾರೋ ಒಬ್ಬ ರಿಪೇರಿಯವನನ್ನು ಕರೆಸಿದೆವು. ಅವನು ಎರಡು ನಿಮಿಷ ನೋಡಿ ಕೆಟಲ್ ಕೇಳಿದ. ಟೀ ಬೇಕೇನೋ ಅಂತ ನಾನು ಹಾಲು ತೆಗೆಯಲು ಹೋದೆ. ಅವನು ಬಿಸಿನೀರಿಗೆ ತಣ್ಣೀರು ಬೆರೆಸಿ, ಹೊರಗೆ ಹೋಗಿ ಒಂದು ಬಿಳಿ ಪೈಪಿನ ಮೇಲೆ ಸುರಿದ. ಕಾಲು ಗಂಟೆಯಲ್ಲಿ ಬಾಯ್ಲರ್ ಹತ್ತಿತು. ಬಿಲ್ 85 ಪೌಂಡ್. ಟೀ ಕೂಡ ಕುಡಿದು ಹೋದ.

ಆ ಪೈಪಿನ ಕಥೆ ಹೀಗಿದೆ. 2005ರಿಂದ ಇಲ್ಲಿ ಹೊಸದಾಗಿ ಹಾಕುವ ಬಾಯ್ಲರ್‌ಗಳು ಹೆಚ್ಚುಕಡಿಮೆ ಎಲ್ಲವೂ ಕಂಡೆನ್ಸಿಂಗ್ ಬಾಯ್ಲರ್‌ಗಳೇ ಆಗಿರಬೇಕು. ಹೊಗೆಯ ಜೊತೆ ಹೋಗುವ ಬಿಸಿಯನ್ನೂ ಅವು ಹಿಡಿದಿಟ್ಟುಕೊಳ್ಳುತ್ತವೆ. ಆಗ ಹೊಗೆಯಲ್ಲಿನ ಆವಿ ನೀರಾಗಿ ಒಂದು ಪ್ಲಾಸ್ಟಿಕ್ ಪೈಪಿನಲ್ಲಿ ಚರಂಡಿಗೆ ಹೋಗುತ್ತದೆ. ಪೈಪ್ ಸಣ್ಣದು, ಹೊರಗೋಡೆಯಲ್ಲಿ ಬರಿಮೈಯಲ್ಲಿರುತ್ತದೆ. ಚಳಿಗೆ ಆ ನೀರು ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ, ನೀರು ಹಿಂದಕ್ಕೆ ಬಂದು ಬಾಯ್ಲರ್ ನಿಲ್ಲುತ್ತದೆ. ಬಾಯ್ಲರ್ ಆರಿಸಿ, ಬೆಚ್ಚಗಿನ ನೀರನ್ನು ಪೈಪಿನ ಮೇಲೆ, ಮುಖ್ಯವಾಗಿ ಬಾಗಿದ ಕಡೆ ಮತ್ತು ತುದಿಯಲ್ಲಿ, ನಿಧಾನಕ್ಕೆ ಹೊಯ್ಯಿ. ಕುದಿಯುವ ನೀರು ಬೇಡ, ಪೈಪ್ ಬಿರುಕು ಬಿಡುತ್ತದೆ. ನೆಲದ ಮೇಲೆ ನಿಂತು ಕೈಗೆ ಎಟಕಿದರೆ ಮಾತ್ರ ಮಾಡು, ಏಣಿ ಹತ್ತಬೇಡ. ಚೆಲ್ಲಿದ ನೀರು ಹೊಸ್ತಿಲಲ್ಲೇ ಮಂಜುಗಡ್ಡೆಯಾಗಿ ಕಾಲು ಜಾರುತ್ತದೆ, ಮೇಲೆ ಒಂದು ಹಿಡಿ ಉಪ್ಪು ಹಾಕು. ಆಮೇಲೆ ಒಂದು ಸಲ ರೀಸೆಟ್.

ನಲ್ಲಿಯಲ್ಲಿ ಬಿಸಿನೀರು ಬರುತ್ತಿದ್ದು ರೇಡಿಯೇಟರ್ ಮಾತ್ರ ತಣ್ಣಗಿದ್ದರೆ ಅದು ಬೇರೆ ಕಥೆ. ಥರ್ಮೋಸ್ಟಾಟಿನ ಬ್ಯಾಟರಿ ಹೋಗಿರಬಹುದು, ಇಲ್ಲವೇ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಹಿಂದಕ್ಕೆ ಹೋದಾಗ ಟೈಮರ್ ಬದಲಿಸಿರುವುದಿಲ್ಲ. ರೇಡಿಯೇಟರ್ ಮೇಲೆ ತಣ್ಣಗೆ, ಕೆಳಗೆ ಬಿಸಿ ಇದ್ದರೆ ಒಳಗೆ ಗಾಳಿ ಇದೆ. ಹೀಟಿಂಗ್ ಆರಿಸಿ, ತಣ್ಣಗಾದ ಮೇಲೆ ರೇಡಿಯೇಟರಿನ ಮೇಲ್ತುದಿಯ ಪುಟ್ಟ ವಾಲ್ವನ್ನು ಸಣ್ಣ ಕೀಲಿಯಿಂದ ಅರ್ಧ ಸುತ್ತು ತಿರುಗಿಸಿದರೆ ಗಾಳಿ ಬುಸ್ ಅಂತ ಹೋಗುತ್ತದೆ. ಹಿಂದೆಯೇ ಕಪ್ಪು ನೀರು ಬರುತ್ತದೆ, ಹಳೆ ಟವೆಲ್ ಹಿಡಿದಿರು. ಓನರ್ ಕಾರ್ಪೆಟ್ ಮೇಲೆ ಬಿದ್ದರೆ ಡಿಪಾಸಿಟ್‌ನಲ್ಲಿ ಕಾಣಿಸುತ್ತದೆ. ಕೀಲಿ ಬಿಗಿ ಮಾಡಿ ಪ್ರೆಷರ್ ಮತ್ತೆ ನೋಡು, ಇಳಿದಿರುತ್ತದೆ. ಉಲ್ಟಾ, ಅಂದರೆ ಕೆಳಗೆ ತಣ್ಣಗಿದ್ದರೆ ಒಳಗೆ ತುಕ್ಕಿನ ಕೆಸರು ಕೂತಿದೆ. ಅದು ನಮ್ಮ ಕೈಲಾಗುವ ಕೆಲಸವಲ್ಲ.

ಎಲ್ಲಿಯವರೆಗೆ ನಮ್ಮ ಕೆಲಸ ಅಂತ ನಾನು ಒಂದು ಗೆರೆ ಹಾಕಿಕೊಂಡಿದ್ದೇನೆ. ಸ್ಕ್ರೂ ಡ್ರೈವರ್ ಬೇಕಾಯಿತು ಅಂದರೆ ನಿಲ್ಲಿಸಬೇಕು. ಬಾಯ್ಲರಿನ ಮುಚ್ಚಳ ತೆಗೆಯುವುದು ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ, ಅಂದರೆ ಗ್ಯಾಸ್ ಕೆಲಸಕ್ಕೆ ಅರ್ಹರಾದವರ ಅಧಿಕೃತ ಪಟ್ಟಿಯಲ್ಲಿ, ಹೆಸರಿರುವವರ ಕೆಲಸ. ಬಂದವರ ಕಾರ್ಡ್ ಕೇಳಿ ನೋಡು, ಅದರ ಹಿಂಬದಿಯಲ್ಲಿ ಅವರು ಯಾವ ಯಾವ ಕೆಲಸಕ್ಕೆ ಅರ್ಹರು ಅಂತ ಬರೆದಿರುತ್ತದೆ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. "ನಮ್ಮ ಹುಡುಗ ಒಬ್ಬ ಇದ್ದಾನೆ, ಅರ್ಧ ರೇಟಿಗೆ ಮಾಡ್ತಾನೆ" ಅಂತ ನಮ್ಮವರೇ ಯಾರಾದರೂ ಹೇಳುತ್ತಾರೆ. ಆ ಹುಡುಗ ಶೆಲ್ಫ್ ಹೊಡೆಯಲಿ, ಗ್ಯಾಸ್ ಮುಟ್ಟುವುದು ಬೇಡ.

ನಿನಗೆ ದುಡ್ಡಿನ ಚಿಂತೆಯೂ ಬೇಕಾಗಿಲ್ಲ. ಬಾಡಿಗೆ ಮನೆಗಳ ಬಗೆಗಿನ ಇಲ್ಲಿನ 1985ರ ಕಾಯಿದೆಯ ಪ್ರಕಾರ ಹೀಟಿಂಗ್ ಮತ್ತು ಬಿಸಿನೀರಿನ ರಿಪೇರಿ ಓನರದ್ದೇ ಹೊಣೆ. ವರ್ಷಕ್ಕೊಮ್ಮೆ ಗ್ಯಾಸ್ ತಪಾಸಣೆ ಮಾಡಿಸಿ ಅದರ ಪ್ರತಿ ನಿನಗೆ ಕೊಡಬೇಕು. ಹೊಸದಾಗಿ ಬಂದಾಗ ನಾವೂ ಕೇಳುತ್ತಿರಲಿಲ್ಲ, ಓನರಿಗೆ ಕೋಪ ಬಂದರೆ ಅಂತ ಭಯ. ಈಗಲೇ ಫೋನ್ ಮಾಡು, ಅದನ್ನೇ ಈಮೇಲಿನಲ್ಲೂ ಹಾಕು. ಎರಡು ತಿಂಗಳ ಮಗು ಇದೆ ಅಂತ ಮೊದಲ ಸಾಲಿನಲ್ಲೇ ಬರೆ.

ಇವತ್ತು ರಾತ್ರಿಯ ವಿಷಯ. ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿ. ಆಯಿಲ್ ತುಂಬಿದ ಕರೆಂಟ್ ರೇಡಿಯೇಟರ್ ಯಾರ ಹತ್ತಿರವಾದರೂ ಇದ್ದರೆ ತಂದಿಡಿ. ಅದನ್ನು ಗೋಡೆಯ ಸಾಕೆಟ್ಟಿಗೇ ಹಾಕು, ಎಕ್ಸ್‌ಟೆನ್ಷನ್ ಬೋರ್ಡಿಗೆ ಬೇಡ. ಮಗುವಿನ ಸ್ನಾನಕ್ಕೆ ಒಲೆ ಮೇಲೆ ಪಾತ್ರೆಯಲ್ಲಿ ಕಾಯಿಸಿದ ನೀರು ಸಾಕು. ಆದರೆ ಅಮ್ಮನಿಗೆ ಒಂದು ಮಾತು ಖಂಡಿತ ಹೇಳು. ನಮ್ಮ ಕಡೆ ಬಾಣಂತಿಗೂ ಮಗುವಿಗೂ ಕೆಂಡ ಹಾಕಿ ಸಾಂಬ್ರಾಣಿ ಹೊಗೆ ಕೊಡುತ್ತಾರಲ್ಲ, ಅದು ಇಲ್ಲಿ ಬೇಡವೇ ಬೇಡ. ಊರಿನ ಹಂಚಿನ ಮನೆಯಲ್ಲಿ ಸಂದಿಯಿಂದ ಗಾಳಿ ಆಡುತ್ತಿತ್ತು. ಇಲ್ಲಿ ಜೋಡಿ ಗಾಜಿನ ಕಿಟಕಿ, ಸಂದಿಯೇ ಇಲ್ಲ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಬೆಂಗಳೂರಿನಲ್ಲಿ ಬಚ್ಚಲುಮನೆಯ ಗ್ಯಾಸ್ ಗೀಸರಿನಿಂದ ಜನ ಸಾಯುವುದೂ ಇದರಿಂದಲೇ. ಓವನ್ ಬಾಗಿಲು ತೆಗೆದಿಟ್ಟು ಕೋಣೆ ಬೆಚ್ಚಗೆ ಮಾಡುವುದೂ ಬೇಡ. ಎಲ್ಲರಿಗೂ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಹೊರಗೆ ಹೋದರೆ ಕಡಿಮೆಯಾದರೆ ಅದು ಶೀತ ಅಲ್ಲ, ಮನೆಯಿಂದ ಹೊರಗೇ ಇರಿ. 2022ರ ಅಕ್ಟೋಬರಿನಿಂದ ಇಂಗ್ಲೆಂಡಿನ ಬಾಡಿಗೆ ಮನೆಗಳಲ್ಲಿ, ಜನ ವಾಸಿಸುವ ಯಾವ ಕೋಣೆಯಲ್ಲಿ ಬಾಯ್ಲರ್ ಇದೆಯೋ ಅಲ್ಲಿ ಕಾರ್ಬನ್ ಮೊನಾಕ್ಸೈಡ್ ಪತ್ತೆ ಹಚ್ಚುವ ಒಂದು ಅಲಾರಂ ಇರಲೇಬೇಕು. ಇದೆಯಾ ನೋಡು, ಇದ್ದರೆ ಟೆಸ್ಟ್ ಬಟನ್ ಒತ್ತು. ಆ ಬಟನ್ ಮಾತ್ರ ಎಷ್ಟು ಸಲ ಬೇಕಾದರೂ ಒತ್ತಬಹುದು.

ಈಗ ಗೇಜಿನದ್ದೊಂದು, ಕೋಡಿನದ್ದೊಂದು, ಬಾಯ್ಲರ್ ಅಡಿಯ ಪೈಪುಗಳದ್ದೊಂದು, ಮೂರು ಫೋಟೋ ತೆಗೆದು ನನಗೆ ಕಳಿಸು. ಫ್ಲ್ಯಾಶ್ ಹಾಕಬೇಡ, ಗಾಜು ಹೊಳೆದು ಮುಳ್ಳು ಕಾಣುವುದಿಲ್ಲ. ನಾನು ಹತ್ತೂವರೆವರೆಗೂ ಎದ್ದಿರುತ್ತೇನೆ.