ಘಾಟ್ ಹತ್ತಿ ನಿಲ್ಲಿಸಿದ್ರೆ ಮತ್ತೆ ಹಿಡಿಯದ ಗಾಡಿ

ಪ್ರಶ್ನೆ: ಸರ್, ನಮ್ಮತ್ರ 1982ರ ಜರ್ಮನ್ ಕಾರಿದೆ, ಆರು ಸಿಲಿಂಡರ್, ಬಾಷ್ ಕೆ-ಜೆಟ್ರಾನಿಕ್ ಇಂಜೆಕ್ಷನ್ (ಪ್ರೆಶರಿನಿಂದ ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸೋ ಹಳೇ ವ್ಯವಸ್ಥೆ). ಬೆಳಗ್ಗೆ ಒಂದೇ ಕೀಗೆ ಸ್ಟಾರ್ಟ್. ಪುಣೆಗೆ ಹೊರಟು ಖಂಡಾಲಾ ಘಾಟ್ ಹತ್ತಿ ಲೋನಾವಳಾದಲ್ಲಿ ವಡಾಪಾವ್ ತಿನ್ನೋಕೆ ಇಪ್ಪತ್ತು ನಿಮಿಷ ನಿಲ್ಲಿಸಿದ್ರೆ ಮುಗೀತು, ಸ್ಟಾರ್ಟರ್ ಚೆನ್ನಾಗೇ ತಿರುಗತ್ತೆ ಇಂಜಿನ್ ಮಾತ್ರ ಹಿಡಿಯಲ್ಲ. ಒಂದೂವರೆ ಗಂಟೆ ಬಿಟ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗತ್ತೆ. ಪ್ಲಗ್, ಕಾಯಿಲ್ ಹೊಸದು. ಈಗ ಮೆಕ್ಯಾನಿಕ್ ಆರೂ ಇಂಜೆಕ್ಟರ್ ಬದಲಿಸೋಣ ಅಂತಿದಾನೆ, ಅಪ್ಪ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕು ಅಂತಾರೆ. ಯಾರ ಮಾತು ಕೇಳ್ಲಿ?
– ಡೊಂಬಿವಲಿಯ ಓದುಗರು

ಉತ್ತರ: ಸದ್ಯಕ್ಕೆ ಇಬ್ಬರದ್ದೂ ಬೇಡ ಮಾರಾಯ್ರೆ. ಅಪ್ಪನ ಒದ್ದೆ ಬಟ್ಟೆ ಹಳೇ ಪ್ರೀಮಿಯರ್ ಪದ್ಮಿನಿ ಕಾರಿಗೆ ಸರಿ, ಅದರ ಪಂಪ್ ಇಂಜಿನ್ನಿಗೇ ಅಂಟಿಕೊಂಡು ಕಾಯ್ತಿತ್ತು. ನಿಮ್ಮದರಲ್ಲಿ ಎಲೆಕ್ಟ್ರಿಕ್ ಪಂಪ್ ಹಿಂದೆ ಟ್ಯಾಂಕಿನ ಹತ್ರ ಇರತ್ತೆ, ಅದರ ಪಕ್ಕದಲ್ಲೇ ಒಂದು ಸಣ್ಣ ಡಬ್ಬಿ ಇದೆ ನೋಡಿ, ಪೆಟ್ರೋಲಿನ ಪ್ರೆಶರ್ ಹಿಡಿದಿಡೋದು, ಅಕ್ಯುಮ್ಯುಲೇಟರ್ ಅಂತಾರೆ, ನನ್ನ ಅನುಮಾನ ಮೊದಲು ಅದರ ಮೇಲೆ.

ಇಂಜಿನ್ ಓಡುವಾಗ ಪೈಪಲ್ಲಿ ಸುಮಾರು 5 ಬಾರ್ ಪ್ರೆಶರ್ ಇರತ್ತೆ. ಆಫ್ ಮಾಡಿದ ಕೂಡಲೇ ಒಂದಷ್ಟು ಇಳಿಯತ್ತೆ, ಇಳೀಲೇಬೇಕು, ಇಲ್ಲಾಂದ್ರೆ ಇಂಜೆಕ್ಟರ್ ಹನಿಸತ್ತೆ. ಆಮೇಲೆ ಅರ್ಧ ಗಂಟೆಯಾದ್ರೂ ಎರಡೂವರೆ ಬಾರ್ ಆಸುಪಾಸು ನಿಂತಿರಬೇಕು. ಆ ಪ್ರೆಶರ್ ಸೋರಿಹೋದ್ರೆ ಬಾನೆಟ್ಟಿನ ಕಾವಿಗೆ ಪೈಪಲ್ಲಿರೋ ಪೆಟ್ರೋಲ್ ಆವಿಯಾಗತ್ತೆ, ನೀವು ಕೀ ತಿರುಗಿಸಿದಾಗ ಇಂಜೆಕ್ಟರಿಗೆ ಹೋಗೋದು ಬರೀ ಆವಿ. ಹಾಗಾದ್ರೆ ಬೆಳಗ್ಗೆ ಹೇಗೆ ಸ್ಟಾರ್ಟ್ ಆಗತ್ತೆ ಅಂತೀರಾ? ತಣ್ಣಗಿದ್ದಾಗ ಆವಿ ಇರಲ್ಲ, ಜೊತೆಗೆ ಕೋಲ್ಡ್ ಸ್ಟಾರ್ಟ್ ವಾಲ್ವ್ ಬೇರೆ ಪೆಟ್ರೋಲ್ ಚಿಮುಕಿಸತ್ತೆ, ಬಿಸಿ ಇಂಜಿನ್ನಿಗೆ ಆ ಉಪಚಾರ ಇಲ್ಲ.

ಮುಂದಿನ ಸಲ ಹಟ ಮಾಡಿದಾಗ ವೈರಿಂಗ್ ಚಿತ್ರ ನೋಡ್ಕೊಂಡು ಪಂಪ್ ರಿಲೇ (ಪಂಪಿಗೆ ಕರೆಂಟ್ ಕೊಡೋ ಸ್ವಿಚ್) ತೆಗೆದು ಸಾಕೆಟ್ಟಿನ 30 ಮತ್ತು 87 ನಂಬರಿನ ಟರ್ಮಿನಲ್‌ಗಳನ್ನ ಫ್ಯೂಸ್ ಇರೋ ವೈರಿಂದ ಸೇರಿಸಿ ಹತ್ತು ಸೆಕೆಂಡ್ ಪಂಪ್ ಓಡಿಸಿ, ರಿಲೇ ವಾಪಸ್ ಹಾಕಿ ಕೀ ತಿರುಗಿಸಿ (ಏರ್ ಫಿಲ್ಟರ್ ಕೆಳಗಿನ ತಟ್ಟೆ ಮುಟ್ಟಬೇಡಿ, ಅದು ಜಾಗ ಬಿಟ್ಟು ಸರಿದ್ರೆ ಇಂಜೆಕ್ಟರೆಲ್ಲ ಪೆಟ್ರೋಲ್ ಸುರಿಯತ್ತೆ). ಪಟ್ಟಂತ ಹಿಡೀತಾ? ಹಾಗಾದ್ರೆ ಪ್ರೆಶರ್ ಸೋರ್ತಿದೆ ಅಂತಾನೇ ಲೆಕ್ಕ. ಇಂಜಿನ್ ತಣ್ಣಗಾದ ಮೇಲೆ ಅಕ್ಯುಮ್ಯುಲೇಟರಿನ ಹಿಂಭಾಗದ ಸಣ್ಣ ಪೈಪ್ ಬಿಚ್ಚಿಸಿ ಪಂಪ್ ಓಡಿಸಿ ನೋಡಿ, ಅಲ್ಲಿಂದ ಪೆಟ್ರೋಲ್ ಬಂದ್ರೆ ಒಳಗಿನ ಪರದೆ ಹರಿದಿದೆ. ಒಣಗಿದ್ರೆ ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ವಾಪಸ್ ಹೋಗದ ಹಾಗೆ ತಡೆಯೋದು) ನೋಡಿ, ಎಷ್ಟೋ ಪಂಪಲ್ಲಿ ಅದನ್ನೊಂದೇ ಬದಲಿಸಬಹುದು, ಇಡೀ ಪಂಪ್ ಬೇಡ.

ಹತ್ತು ಸೆಕೆಂಡ್ ಪಂಪ್ ಓಡಿಸಿದ್ರೂ ಹಿಡೀಲಿಲ್ಲ, ಪೆಟ್ರೋಲ್ ವಾಸನೆ, ಆಕ್ಸಿಲರೇಟರ್ ಪೂರ್ತಿ ಒತ್ತಿದ್ರೆ ಕರಿ ಹೊಗೆ ಬಿಟ್ಕೊಂಡು ಏಳತ್ತೆ ಅಂದ್ರೆ ಕಥೆ ಉಲ್ಟಾ, ಎಲ್ಲೋ ಹನಿಸ್ತಿದೆ. ಮೊದಲು ಕೋಲ್ಡ್ ಸ್ಟಾರ್ಟ್ ವಾಲ್ವ್ ಬಿಚ್ಚಿ ಗಾಜಿನ ಬಾಟಲಿಗೆ ಇಳಿಬಿಡಿ, ತೊಟ್ಟಿಕ್ಕಿದ್ರೆ ಅದೇ. ಇಂಜೆಕ್ಟರ್ ಸರದಿ ಅದಾದ ಮೇಲೆ, ಅವಕ್ಕೂ ಇದೇ ಬಾಟಲಿ ಪರೀಕ್ಷೆ.

ಈಗಿನ ಪೆಟ್ರೋಲಲ್ಲಿ 20 ಪರ್ಸೆಂಟ್ ಎಥನಾಲ್ ಇದೆ, ಹಳೆ ಕಾಲದ ರಬ್ಬರಿಗೆ ಅದು ಆಗಿಬರಲ್ಲ. ಗಾಡಿಯ ಹಿಂಭಾಗಕ್ಕೆ ಕೈ ಹಾಕಿದಾಗಲೇ ರಬ್ಬರ್ ಪೈಪೆಲ್ಲ ಎಥನಾಲ್ ತಡೆಯೋದು ಹಾಕಿಸಿ. ಪ್ರೆಶರ್ ಅಳೆಯೋ ಗೇಜ್ ಹಾಕದೆ ಯಾವ ಬಿಡಿಭಾಗಕ್ಕೂ ದುಡ್ಡು ಕೊಡಬೇಡಿ, ಇದೆಲ್ಲ ಮಾಡಿಯೂ ಆಗ್ಲಿಲ್ಲ ಅಂದ್ರೆ ಆಫ್ ಮಾಡಿ ಹತ್ತು, ಇಪ್ಪತ್ತು, ಮೂವತ್ತನೇ ನಿಮಿಷದಲ್ಲಿ ಗೇಜ್ ಎಷ್ಟು ತೋರಿಸ್ತು ಅಂತ ಬರೆದು ಕಳಿಸಿ.