ಲೇಬರ್ ಸಮ್ಮೇಳನದಲ್ಲಿ ಸದಸ್ಯರಿಗೆ ವೋಟು ಇದೆಯಾ?

ಬ್ರಿಟನ್ನಿನ ಲೇಬರ್ ಪಕ್ಷದ ಸದಸ್ಯರಾಗಿ ಮೊದಲ ಸಲ ಲಿವರ್‌ಪೂಲ್‌ನ ಲೇಬರ್ ಸಮ್ಮೇಳನಕ್ಕೆ ಹೋದರೆ ವೋಟು ಹಾಕಬಹುದಾ ಅಂತ ಕೇಳಿದ್ದೀರಿ. ಸದಸ್ಯತ್ವ ಒಂದೇ ಸಾಲದು. ಕ್ಷೇತ್ರದ ಶಾಖೆ ಆರಿಸಿ ಕಳಿಸಿದವರು, ಪಕ್ಷದ ಜೊತೆಗಿರುವ ಕಾರ್ಮಿಕ ಯೂನಿಯನ್ ಪ್ರತಿನಿಧಿಗಳು ಇಂಥವರಿಗೆ ಮಾತ್ರ ವೋಟು. ಉಳಿದವರು ಕೂತು ಕೇಳಬಹುದು, ಅಷ್ಟೇ. (ಅಲ್ಲಿನ ಇನ್ನೊಂದು ಪಕ್ಷ ಲಿಬರಲ್ ಡೆಮಾಕ್ರಾಟರಲ್ಲಿ ನೋಂದಾಯಿಸಿ ಬಂದ ಸದಸ್ಯರೆಲ್ಲ ವೋಟು ಹಾಕುತ್ತಾರೆ!)

ಬೇಜಾರು ಬೇಡ. ನನಗೆ ಜಾಸ್ತಿ ಹಿಡಿಸಿದ್ದು ಫ್ರಿಂಜ್ ಸಭೆಗಳೇ, ಅಂದರೆ ಮುಖ್ಯ ಸಮ್ಮೇಳನದ ಜೊತೆಜೊತೆಗೆ ನಡೆಯುವ ಸಣ್ಣ ಚರ್ಚೆಗಳು. ಹೋಟೆಲಿನ ಸಣ್ಣ ಕೋಣೆ, ಮೂವತ್ತು ಕುರ್ಚಿ, ಎರಡು ಮಾರು ದೂರದಲ್ಲಿ ಸಂಸದರು. ಕೈ ಎತ್ತಿ ನೇರವಾಗಿ ಪ್ರಶ್ನೆ ಕೇಳಬಹುದು. ಮಧ್ಯಾಹ್ನವಾದರೆ ಎಷ್ಟೋ ಕಡೆ ಸ್ಯಾಂಡ್‌ವಿಚ್ ಪುಕ್ಕಟೆ. ಸಸ್ಯಾಹಾರದ ತಟ್ಟೆ ಮಾತ್ರ ಬೇಗ ಖಾಲಿ, ಸುಮ್ನೆ ಹಿಂದೆ ನಿಲ್ಲಬೇಡಿ.

ಪೊಲೀಸ್ ಪರಿಶೀಲನೆ ಆದಮೇಲೇ ಪಾಸ್ ಸಿಗುವುದು, ಬೇಗ ಅರ್ಜಿ ಹಾಕಿ. ಸಭಾಂಗಣ ಮರ್ಸಿ ನದಿಯ ದಡದಲ್ಲೇ ಇದೆ. ಆ ಗಾಳಿಗೆ ನನ್ನ ಕೊಡೆ ಉಲ್ಟಾ ಆಯಿತು, ಜರ್ಕಿನ್ ಒಯ್ಯಿರಿ.