ಟ್ರ್ಯಾಕ್ಟರ್ ಮುಂದಿನ ಗಾಲಿ ಎದ್ದೇಳುತ್ತೆ, ಅಮೆರಿಕದ ಸ್ಪ್ರಿಂಗ್ ಬಾರ್ ಹಿಚ್ ಹಾಕಿಸಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. 45 ಎಚ್‌ಪಿ ಟ್ರ್ಯಾಕ್ಟರ್, ಎರಡು ಗಾಲಿಯ ಟ್ರೇಲರ್. ಗೋವಿನಜೋಳದ ಚೀಲ ಹೇರಿಕೊಂಡು ಏರು ಹತ್ತುವಾಗ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಅಮೆರಿಕದವರು ಕಾರಿನ ಹಿಂದೆ ಮನೆಯಂಥ ಟ್ರೇಲರ್ ಜೋಡಿಸಿ ಅದಕ್ಕೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್, ಅಂದರೆ ಭಾರ ಹಂಚುವ ಸ್ಪ್ರಿಂಗ್ ಬಾರ್ ಕೊಂಡಿ, ಹಾಕುವ ವಿಡಿಯೋ ನೋಡಿದ್ದೀರಿ. ಅದನ್ನೇ ಇಲ್ಲಿ ವೆಲ್ಡಿಂಗ್ ಮಾಡಿಸಿದರೆ ಆಗುತ್ತಾ ಅಂತ ಕೇಳಿದ್ದೀರಿ.

ಬೇಡ, ಮಾಡಿಸಬೇಡಿ. ನಾನು ಹಾವೇರಿ ಕಡೆಯವನು, ಟ್ರೇಲರ್ ಕಟ್ಟುವ, ರಿಪೇರಿ ಮಾಡುವ ಕೆಲಸದಲ್ಲಿದ್ದೇನೆ. ಆ ಹಿಚ್ ಒಳ್ಳೆಯ ವಸ್ತುವೇ. ಆದರೆ ನಿಮ್ಮ ಗಾಡಿಗೆ ಅದು ಔಷಧಿ ಅಲ್ಲ. ಯಾಕೆ ಅಂತ ತಿಳಿಯಬೇಕಾದರೆ ಮೊದಲು ಅದು ಏನು ಮಾಡುತ್ತೆ ಅಂತ ನೋಡೋಣ.

ಕಾರು ಅಥವಾ ಪಿಕಪ್ಪಿನ ಹಿಂದೆ ಟ್ರೇಲರ್ ಜೋಡಿಸಿದಾಗ ಅದರ ಮೂತಿಯ ಭಾರ ಕೊಂಡಿಯ ಮೇಲೆ ಕೂರುತ್ತೆ. ಮನೆ ಟ್ರೇಲರ್‌ಗಳಲ್ಲಿ ಅದು ಒಟ್ಟು ತೂಕದ ಶೇಕಡಾ 10ರಿಂದ 15 ಇರಬೇಕು ಅನ್ನುವುದು ರೂಢಿ. ಅಂದರೆ 2 ಟನ್ ಟ್ರೇಲರ್‌ಗೆ 200ರಿಂದ 300 ಕೆಜಿ. ಅಷ್ಟು ಭಾರಕ್ಕೆ ಗಾಡಿಯ ಹಿಂಭಾಗ ಕುಸಿಯುತ್ತೆ, ಮುಂಭಾಗ ಏಳುತ್ತೆ. ಈ ಹಿಚ್‌ನಲ್ಲಿ ಎರಡು ಸ್ಪ್ರಿಂಗ್ ಸರಳು ಇರುತ್ತವೆ. ಕೊಂಡಿಯ ತಲೆಯಿಂದ ಹೊರಟು ಟ್ರೇಲರ್‌ನ ಮುಂದಿನ ಚೌಕಟ್ಟಿನ ಕೆಳಗೆ ಚಾಚಿಕೊಂಡಿರುತ್ತವೆ. ಅವುಗಳ ತುದಿಯನ್ನು ಸರಪಳಿಯಿಂದ ಮೇಲಕ್ಕೆ ಬಿಗಿದರೆ ಹಾರೆಯಿಂದ ಮೀಟಿದ ಹಾಗೆ ಗಾಡಿಯ ಹಿಂಭಾಗ ಏಳುತ್ತೆ, ಒಂದಷ್ಟು ಭಾರ ಮುಂದಿನ ಗಾಲಿಗೆ ವಾಪಸ್ ಹೋಗುತ್ತೆ, ಒಂದಷ್ಟು ಟ್ರೇಲರ್‌ನ ಗಾಲಿಗೆ ಹೋಗುತ್ತೆ. ಹೊಂದಿಸುವುದು ಅಳತೆ ಪಟ್ಟಿ ಹಿಡಿದು. ಸಪಾಟ ಜಾಗದಲ್ಲಿ ಮುಂದಿನ ಮಡ್‌ಗಾರ್ಡ್ ಎತ್ತರವನ್ನು ಟ್ರೇಲರ್ ಇಲ್ಲದಾಗ ಒಮ್ಮೆ, ಸರಳು ಬಿಗಿಯದೆ ಟ್ರೇಲರ್ ಜೋಡಿಸಿದಾಗ ಒಮ್ಮೆ, ಬಿಗಿದ ಮೇಲೆ ಒಮ್ಮೆ ಅಳೆಯುತ್ತಾರೆ. ಮುಂಭಾಗ ಎದ್ದಿದ್ದರಲ್ಲಿ ಅರ್ಧದಷ್ಟಾದರೂ ಇಳಿಯಬೇಕು, ಅಥವಾ ಗಾಡಿಯ ಪುಸ್ತಕದಲ್ಲಿ ಎಷ್ಟು ಅಂತ ಇದೆಯೋ ಅಷ್ಟು. ಸಾಲದಿದ್ದರೆ ಸರಪಳಿಯ ಒಂದು ಕೊಂಡಿ ಮೇಲೆ ಏರಿಸುತ್ತಾರೆ ಅಥವಾ ಹಿಚ್‌ನ ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸುತ್ತಾರೆ. ಇಷ್ಟೆಲ್ಲ ಮಾಡಿದರೂ ಗಾಡಿಗೆ ಕಂಪನಿ ಹೇಳಿದ ಎಳೆಯುವ ಗರಿಷ್ಠ ಮಿತಿಯನ್ನು ದಾಟುವಂತಿಲ್ಲ.

ಈಗ ನಿಮ್ಮ ಟ್ರ್ಯಾಕ್ಟರ್. ಅಲ್ಲಿ ಕೊಂಡಿ ಅಂದರೆ ಒಂದು ಪಿನ್, ಒಂದು ರಿಂಗ್. ಅದು ಸಡಿಲ ಇರುವುದೇ ಅದರ ಗುಣ. ಬದು ದಾಟುವಾಗ, ಕಾಲುವೆ ಇಳಿದು ಹತ್ತುವಾಗ ಟ್ರ್ಯಾಕ್ಟರ್ ಮೂತಿ ಮೇಲೆ, ಟ್ರೇಲರ್ ಮೂತಿ ಕೆಳಗೆ ಹೋಗಬೇಕು. ಅಲ್ಲಿ ಬಿಗಿಯಾದ ಸ್ಪ್ರಿಂಗ್ ಸರಳು ಹಾಕಿದರೆ ಮೊದಲ ಬದುವಿನಲ್ಲೇ ಸರಳು ಬಾಗುತ್ತೆ, ಇಲ್ಲವೇ ವೆಲ್ಡಿಂಗ್ ಕಿತ್ತು ಬರುತ್ತೆ. ಟ್ರ್ಯಾಕ್ಟರ್‌ನ ಹಿಂದಿನ ಬ್ರಾಕೆಟ್ ಎಳೆಯುವುದಕ್ಕೆ ಮಾಡಿದ್ದು, ಹಾಗೆ ತಿರುಚುವ ಬಲ ತಡೆಯುವುದಕ್ಕಲ್ಲ. ಇನ್ನೊಂದು ಮಾತು. ಟ್ರ್ಯಾಕ್ಟರ್‌ಗೆ ಕಾರಿನ ಹಾಗೆ ಸ್ಪ್ರಿಂಗ್ ಇಲ್ಲ, ಹಾಗಾಗಿ ಮಡ್‌ಗಾರ್ಡ್ ಅಳೆದರೆ ಏನೂ ಗೊತ್ತಾಗುವುದಿಲ್ಲ. ಮುಂದಿನ ಗಾಲಿ ಅರ್ಧ ಹಗುರಾಗಿದ್ದರೂ ನೋಡುವುದಕ್ಕೆ ಹಾಗೇ ಕಾಣುತ್ತೆ. ಅಪಾಯ ಇರುವುದು ಅಲ್ಲೇ.

ಸ್ವಲ್ಪ ಲೆಕ್ಕ ಹಾಕೋಣ, ಅಂದಾಜಿಗೆ. ಟ್ರ್ಯಾಕ್ಟರ್ ತೂಕ 2000 ಕೆಜಿ, ಅದರಲ್ಲಿ ಮುಂದಿನ ಆಕ್ಸಲ್ ಮೇಲೆ 750 ಅಂತ ಹಿಡಿಯಿರಿ. ಎರಡು ಆಕ್ಸಲ್ ನಡುವೆ 2 ಮೀಟರ್. ಕೊಂಡಿ ಹಿಂದಿನ ಆಕ್ಸಲ್‌ನಿಂದ 60 ಸೆಂಟಿಮೀಟರ್ ಹಿಂದೆ, ನೆಲದಿಂದ ಅರ್ಧ ಮೀಟರ್ ಮೇಲೆ. ಟ್ರೇಲರ್ ಮೂತಿ 500 ಕೆಜಿ ಒತ್ತಿದರೆ ಮುಂದಿನ ಗಾಲಿಯಿಂದ 150 ಕೆಜಿ ಹೋಯಿತು. ಸಪಾಟ ರಸ್ತೆಯಲ್ಲಿ ಎಳೆತಕ್ಕೆ ಇನ್ನೊಂದು ಮೂವತ್ತು ನಲವತ್ತು ಕೆಜಿ, ಅಷ್ಟೇ. ಏನೂ ಅನ್ನಿಸುವುದಿಲ್ಲ. ಈಗ ನೂರು ಅಡಿಗೆ ಹತ್ತು ಅಡಿ ಏರುವ ದಿಬ್ಬ ಬಂತು, ಹಿಂದೆ 5 ಟನ್ ಇದೆ. ಎಳೆತ ಸುಮಾರು 650 ಕೆಜಿ ಆಗುತ್ತೆ. ಅದು ಮುಂದಿನಿಂದ 160 ಕೆಜಿ ಕೀಳುತ್ತೆ, ಟ್ರ್ಯಾಕ್ಟರ್ ತಾನೇ ಹಿಂದಕ್ಕೆ ವಾಲಿದ್ದಕ್ಕೆ ಇನ್ನೊಂದು 70. ಮುಂದೆ ಉಳಿದಿದ್ದು ಬರೀ 370. ಟ್ರ್ಯಾಕ್ಟರ್ ತೂಕದ ಶೇಕಡಾ 20 ಆದರೂ ಮುಂದಿನ ಗಾಲಿ ಮೇಲೆ ಇರಬೇಕು ಅನ್ನುವುದು ಸಾಮಾನ್ಯ ನಿಯಮ, ಅಂದರೆ ಇಲ್ಲಿ 400. ಅದಕ್ಕಿಂತ ಕೆಳಗೆ ಹೋಗಿಯಾಯ್ತು ಅಲ್ವಾ? ಅಲ್ಲಿ ಕ್ಲಚ್ ಜರ್ಕ್ ಹೊಡೆದರೆ ಗಾಲಿ ಎದ್ದೇ ಏಳುತ್ತೆ.

ಅದಕ್ಕೇ ಮೊದಲು ಕಾಟಾಕ್ಕೆ, ಅಂದರೆ ಗಾಡಿ ಸಮೇತ ತೂಗುವ ವೇಬ್ರಿಡ್ಜ್‌ಗೆ ಹೋಗಿ. ಬ್ಯಾಡಗಿ ಮಾರ್ಕೆಟ್ ಇರಲಿ, ಹುಬ್ಬಳ್ಳಿ ಅಮರಗೋಳ ಇರಲಿ, ಮಾಲು ತೂಗಿಸಲು ಹೇಗೂ ಹೋಗುತ್ತೀರಿ. ಕಾಟಾದವರಿಗೆ ಹೇಳಿ ನಾಲ್ಕು ತೂಕ ಹೆಚ್ಚಿಗೆ ಮಾಡಿಸಿ. ಬರೀ ಟ್ರ್ಯಾಕ್ಟರ್ ಪೂರ್ತಿ, ಆಮೇಲೆ ಅದರ ಮುಂದಿನ ಗಾಲಿ ಮಾತ್ರ. ಲೋಡ್ ಆದ ಟ್ರೇಲರ್ ಜೋಡಿಸಿಕೊಂಡು ಮತ್ತೆ ಮುಂದಿನ ಗಾಲಿ ಮಾತ್ರ, ಆಮೇಲೆ ಟ್ರ್ಯಾಕ್ಟರ್‌ನ ನಾಲ್ಕೂ ಗಾಲಿ ಕಾಟಾ ಮೇಲೆ, ಟ್ರೇಲರ್ ಗಾಲಿ ಹೊರಗೆ. ಈ ಕೊನೆಯದರಲ್ಲಿ ಬರೀ ಟ್ರ್ಯಾಕ್ಟರ್ ತೂಕ ಕಳೆದರೆ ಟ್ರೇಲರ್ ಮೂತಿ ಎಷ್ಟು ಒತ್ತುತ್ತಿದೆ ಅಂತ ಸಿಗುತ್ತೆ. ಕಾಟಾದ ಎರಡೂ ಕಡೆ ನೆಲ ಮಟ್ಟ ಇರಬೇಕು, ಬ್ರೇಕ್ ಬಿಟ್ಟಿರಬೇಕು, ಇಲ್ಲದಿದ್ದರೆ ತೂಕ ತಪ್ಪು ತೋರಿಸುತ್ತೆ. ಮೂತಿಯ ಭಾರ ಎಷ್ಟರವರೆಗೆ ಆಗಬಹುದು ಅಂತ ಟ್ರ್ಯಾಕ್ಟರ್ ಜೊತೆ ಕೊಟ್ಟ ಪುಸ್ತಕದಲ್ಲಿ ನೋಡಿ.

ಮೂತಿ ಭಾರ ಜಾಸ್ತಿ ಬಂದರೆ ಚೀಲ ಹೇರುವ ರೀತಿ ಬದಲಿಸಿ. ಚಕ್ಕಡಿ ಹೊಡೆದ ಹಿರಿಯರು ಮನೆಯಲ್ಲಿದ್ದರೆ ಅವರನ್ನೇ ಕೇಳಿ. ನೊಗ ಎತ್ತಿನ ಹೆಗಲು ಒತ್ತಬಾರದು, ಮೇಲಕ್ಕೂ ಏಳಬಾರದು ಅಂತ ಹೊಂದಿಸಿ ಹೇರುತ್ತಿದ್ದರು. ಎರಡು ಗಾಲಿಯ ಟ್ರೇಲರ್‌ಗೂ ಅದೇ ಬುದ್ಧಿ. ಹಮಾಲರು ಸಾಮಾನ್ಯವಾಗಿ ಮುಂದಿನ ಹಲಗೆಗೆ ಒತ್ತಿ ಥಪ್ಪಿ ಹಾಕುತ್ತಾ ಬರುತ್ತಾರೆ, ಚೀಲ ಮುಗಿದರೆ ಹಿಂದೆ ಖಾಲಿ ಉಳಿಯುತ್ತೆ, ಪೂರ್ತಿ ಭಾರ ಮುಂದೆ. ಗಾಲಿಯ ಮೇಲೆ ಎತ್ತರ ಥಪ್ಪಿ ಬರಲಿ, ಮುಂದೆ ಒಂದು ಸಾಲು ಕಡಿಮೆ ಇರಲಿ. ಹಾಗಂತ ಎಲ್ಲವನ್ನೂ ಹಿಂದೆ ತಳ್ಳಬೇಡಿ. ಹಿಂಭಾರ ಆದರೆ ಟ್ರೇಲರ್ ಮೂತಿ ಮೇಲಕ್ಕೆ ಎಳೆಯುತ್ತೆ, ಟ್ರ್ಯಾಕ್ಟರ್‌ನ ದೊಡ್ಡ ಗಾಲಿ ಹಿಡಿತ ಬಿಟ್ಟು ಜಾರುತ್ತೆ, ರಸ್ತೆಯಲ್ಲಿ ಟ್ರೇಲರ್ ಬಾಲ ಅಲ್ಲಾಡಿಸುತ್ತೆ. ಪಿನ್‌ಗೆ ಕ್ಲಿಪ್ ಹಾಕುವುದನ್ನು ಮರೆಯಲೇಬೇಡಿ.

ಆಮೇಲೆ ಮುಂದಿನ ವೇಟ್. ಬಂಪರ್‌ಗೆ ಕಂಪನಿಯ ಎರಕದ ತೂಕ ಬರುತ್ತವಲ್ಲ, ಅದನ್ನು ಬೋಲ್ಟ್ ಹಾಕಿಸಿ. ಮುಂದಿನ ಆಕ್ಸಲ್‌ಗಿಂತ 70 ಸೆಂಟಿಮೀಟರ್ ಮುಂದೆ 100 ಕೆಜಿ ಕೂರಿಸಿದರೆ ಮುಂದಿನ ಗಾಲಿಗೆ ಸಿಗುವುದು 135 ಕೆಜಿ. ಮೇಲಿನ ಲೆಕ್ಕದ 370, 505 ಆಯ್ತು. ಅಮೆರಿಕದ ಹಿಚ್ ಕಾರಿಗೆ ಕೊಡುವ ಅನುಕೂಲವನ್ನು ಟ್ರ್ಯಾಕ್ಟರ್‌ಗೆ ಇದೇ ಕೊಡುತ್ತೆ, ಅದೂ ಏನನ್ನೂ ಮುರಿಯದೆ. ಕಲ್ಲು ತುಂಬಿದ ಚೀಲ ಕಟ್ಟುವುದು ಬೇಡ, ಬಿಚ್ಚಿ ಗಾಲಿಗೆ ಬೀಳುತ್ತೆ. ಮುಂದೆ ಮನುಷ್ಯರನ್ನು ಕೂರಿಸುವುದಂತೂ ದಯವಿಟ್ಟು ಮಾಡಬೇಡಿ. ಎರಡು ಹುಡುಗರನ್ನು ಬಂಪರ್ ಮೇಲೆ ಕೂರಿಸಿ ಏರು ಹತ್ತಿಸುವುದನ್ನು ನೋಡಿದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತೆ.

ಕೊಂಡಿಯ ಎತ್ತರವನ್ನೂ ನೋಡಿ. ಎಳೆಯುವ ಜಾಗ ಮೇಲೆ ಹೋದಷ್ಟೂ ಮುಂದಿನ ಗಾಲಿ ಹೆಚ್ಚು ಹಗುರಾಗುತ್ತೆ. ಲಿಫ್ಟಿನ ಪಟ್ಟಿಗೆ ಟ್ರೇಲರ್ ಸಿಕ್ಕಿಸಿ ಲಿಫ್ಟ್ ಎತ್ತಿ ಎಳೆಯುವುದು, ಟಾಪ್ ಲಿಂಕ್ (ಲಿಫ್ಟಿನ ಮೇಲಿನ ಸರಳು) ಜಾಗಕ್ಕೆ ಸರಪಳಿ ಹಾಕಿ ಎಳೆಯುವುದು, ಇವೆರಡೂ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವುದಕ್ಕೆ ನೇರ ದಾರಿ. ಮಳೆಗಾಲದಲ್ಲಿ ಎರೆ ಹೊಲದಲ್ಲಿ ಟ್ರೇಲರ್ ಹೂತರೆ ಇನ್ನೂ ಎಚ್ಚರ. ದೊಡ್ಡ ಗಾಲಿಗೆ ಕಟ್ಟಿಗೆ ತುಂಡು ಕಟ್ಟಿ ಎಬ್ಬಿಸುವವರಿದ್ದಾರೆ. ಗಾಲಿ ತಿರುಗಲು ಆಗದಿದ್ದರೆ ಟ್ರ್ಯಾಕ್ಟರ್ ಬಾಡಿಯೇ ಆಕ್ಸಲ್ ಸುತ್ತ ತಿರುಗಿ ಡ್ರೈವರ್ ಮೇಲೆ ಬರುತ್ತೆ, ಕ್ಲಚ್ ತುಳಿಯುವಷ್ಟು ಹೊತ್ತೂ ಸಿಗುವುದಿಲ್ಲ. ಚೀಲ ಇಳಿಸಿ, ಇಲ್ಲವೇ ರಿವರ್ಸ್‌ನಲ್ಲಿ ಹೊರಗೆ ಬನ್ನಿ.

ಏರು ಬರುವ ಮೊದಲೇ ಲೋ ಗೇರ್ ಹಾಕಿ, ನಡುವೆ ಗೇರ್ ಬದಲಿಸುವ ಪ್ರಸಂಗ ಬರಬಾರದು. ಇಳಿಯುವಾಗಲೂ ಅದೇ ಗೇರ್, ಎರಡೂ ಬ್ರೇಕ್ ಪೆಡಲ್ ಕೂಡಿಸಿ ಲಾಕ್ ಮಾಡಿರಿ.

ಇಷ್ಟೆಲ್ಲ ಮಾಡಿಯೂ ಕಾಟಾದಲ್ಲಿ ಮುಂದಿನ ತೂಕ ಸಾಲದಿದ್ದರೆ ಲೋಡ್ ಕಡಿಮೆ ಮಾಡಿ ಎರಡು ಖೇಪು ಹೊಡೆಯಿರಿ, ಅಥವಾ ನಾಲ್ಕು ಗಾಲಿಯ ಟ್ರೇಲರ್ ನೋಡಿ. ಅದರ ಭಾರವನ್ನು ಅದರ ಗಾಲಿಗಳೇ ಹೊರುತ್ತವೆ, ಕೊಂಡಿಯ ಮೇಲೆ ಬರುವುದು ತೀರಾ ಕಡಿಮೆ. ರಿವರ್ಸ್ ಹಾಕುವುದು ಮಾತ್ರ ಕಷ್ಟ, ಅದಕ್ಕೆ ಒಂದಷ್ಟು ದಿನ ಖಾಲಿ ಟ್ರೇಲರ್‌ನಲ್ಲಿ ರೂಢಿ ಮಾಡಿಕೊಳ್ಳಬೇಕು. ಕಾಟಾದ ನಾಲ್ಕು ತೂಕ, ಕೊಂಡಿಯ ಎತ್ತರ ಇಲ್ಲಿ ಬರೆಯಿರಿ, ಮುಂದೆ ಎಷ್ಟು ವೇಟ್ ಹಾಕಬೇಕು ಅಂತ ಲೆಕ್ಕ ಮಾಡಿ ಹೇಳುತ್ತೇನೆ.